ಪೆಟ್ಟಿಗೆಯ ಮೇಲಿನ ಅಂಕಿ, ಒಳಗಿನ ಯಂತ್ರ



ಪಿಯುಸಿ ಫಲಿತಾಂಶ ಬಂದು ಕಾಲೇಜು ಪ್ರವೇಶ ಮುಗಿಯುವ ಹೊತ್ತಿಗೆ ನಮ್ಮ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಎಷ್ಟೋ ಮನೆಗಳಲ್ಲಿ ಒಂದೇ ಮಾತು ನಡೆದಿರುತ್ತದೆ: ಮಗಳಿಗೆ ಲ್ಯಾಪ್‌ಟಾಪ್ ಬೇಕು. ಶಿಗ್ಗಾವಿ, ಸವಣೂರಿನವರು ಹುಬ್ಬಳ್ಳಿಯ ಬಸ್ಸು ಹತ್ತುತ್ತಾರೆ. ಹಾನಗಲ್ಲಿನವರು ಹಾವೇರಿಗೋ ಹುಬ್ಬಳ್ಳಿಗೋ ಹೋಗುತ್ತಾರೆ. ಹಿರೇಕೆರೂರಿನವರಿಗೆ ರಾಣೇಬೆನ್ನೂರು, ದಾವಣಗೆರೆ, ಶಿವಮೊಗ್ಗ ಎಲ್ಲವೂ ಒಂದೊಂದು ದಿಕ್ಕಿನ ದಾರಿ. ಗೋವಿನಜೋಳ ಮಾರಿ ಎತ್ತಿಟ್ಟ ರೊಕ್ಕ, ಸಂಘದಲ್ಲಿ ಎತ್ತಿದ ಸಾಲ, ಬಂಗಾರ ಅಡವಿಟ್ಟು ತಂದದ್ದು, ಹೀಗೆ ಕೂಡಿಸಿದ ಮೂವತ್ತು ನಲವತ್ತು ಸಾವಿರ ರೂಪಾಯಿ ಜೇಬಿನಲ್ಲಿ ಇರುತ್ತದೆ. ಅಂಗಡಿಯಲ್ಲಿ ಎದುರಾಗುವುದು ಅಂಕಿಗಳ ಸಾಲು: ಇಷ್ಟು ಕೋರ್, ಇಷ್ಟು ಗಿಗಾಹರ್ಟ್ಸ್, ಇಷ್ಟು ಜಿಬಿ, ಇಷ್ಟು ವ್ಯಾಟ್.

ಆ ಅಂಕಿಗಳಲ್ಲಿ ಹೆಚ್ಚಿನವು ಸುಳ್ಳಲ್ಲ. ಆದರೂ ಅವುಗಳನ್ನು ನಂಬಿ ಕೊಂಡವರು ಮೋಸ ಹೋಗುತ್ತಾರೆ. ಯಾಕೆಂದರೆ ಅಂಕಿ ದೊಡ್ಡದಾಗಿ ಅಚ್ಚಾಗಿರುತ್ತದೆ, ಅದು ಯಾವುದರ ಅಳತೆ ಎಂಬುದು ಸಣ್ಣ ಅಕ್ಷರದಲ್ಲಿ ಇರುತ್ತದೆ ಅಥವಾ ಇರುವುದೇ ಇಲ್ಲ. ಈ ಹೊತ್ತು ನಿಮ್ಮೊಂದಿಗೆ ಮಾತಾಡಬೇಕೆಂದಿರುವುದು ಇದನ್ನೇ. ಯಾವ ಅಂಕಿ ಎದುರಾದರೂ 'ಇದು ಯಾವುದರ ಅಳತೆ?' ಎಂದು ಕೇಳುವುದನ್ನು ನಾವು ರೂಢಿ ಮಾಡಿಕೊಳ್ಳಬೇಕು. ಉತ್ತರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.

ಅಂಗಡಿಯ ಮಾತು ಹೇಗೆ ನಡೆಯುತ್ತದೆ ಎಂಬುದನ್ನೇ ಮೊದಲು ನೋಡೋಣ.

"ಇದು ಐ ತ್ರೀ ಐತ್ರಿ ಯಜಮಾನ್ರ, ಎಂಟು ಕೋರ್. ಅದೂ ಐ ತ್ರೀನ, ಆದ್ರ ಆರ ಕೋರ್ ಐತಿ."

"ಹಂಗಾರ ಎಂಟರದ್ದ ಕೊಡ್ರಿ."

ಯಾರಾದರೂ ಹೇಳುವ ಮಾತೇ ಅದು. ಆರಕ್ಕಿಂತ ಎಂಟು ದೊಡ್ಡದು. ಆದರೆ ಇಂಟೆಲ್ ಕಂಪನಿಯ ಐ3-ಎನ್305 ಎಂಬ ಪ್ರೊಸೆಸರಿನಲ್ಲಿರುವ ಎಂಟೂ ಕೋರುಗಳು, ಅಂದರೆ ಲೆಕ್ಕ ಮಾಡುವ ಘಟಕಗಳು, ಸಣ್ಣವು. ವಿದ್ಯುತ್ ಉಳಿಸುವುದಕ್ಕೆಂದು ರೂಪಿಸಿದವು. ಅದೇ ಕಂಪನಿಯ ಐ3-1215ಯು ಎಂಬುದರಲ್ಲಿ ಎರಡು ದೊಡ್ಡ ಕೋರುಗಳಿವೆ, ನಾಲ್ಕು ಸಣ್ಣವು. ಕೈಗೆ ಬಂದ ಒಂದು ಕೆಲಸವನ್ನು ಬೇಗ ಮುಗಿಸುವುದರಲ್ಲಿ ದೊಡ್ಡ ಕೋರಿನದೇ ಮೇಲುಗೈ. ಎರಡರ ಹೆಸರೂ ಐ3, ಎರಡರ ಮೇಲಿನ ಚೀಟಿಯ ಬಣ್ಣವೂ ಒಂದೇ. ಅಂಗಡಿಯ ಹುಡುಗ ಸುಳ್ಳು ಹೇಳಲಿಲ್ಲ. ತನ್ನ ಮುಂದಿದ್ದ ಚೀಟಿಯನ್ನು ಓದಿದ, ಅಷ್ಟೆ. ಕೋರುಗಳಲ್ಲಿ ಎರಡು ಜಾತಿ ಇವೆ ಎಂದು ಆ ಚೀಟಿ ಅವನಿಗೂ ಹೇಳಿರಲಿಲ್ಲ.

ಇನ್ನೊಂದು ಉದಾಹರಣೆ ಎಎಂಡಿ ಕಂಪನಿಯದು. ರೈಜನ್ 5 7520ಯು ಎಂದು ಒಂದು, ರೈಜನ್ 5 7530ಯು ಎಂದು ಇನ್ನೊಂದು. ಕಣ್ಣಿಗೆ ಕಾಣುವ ವ್ಯತ್ಯಾಸ ಒಂದೇ ಒಂದು ಅಂಕೆ. ಮೊದಲನೆಯದರಲ್ಲಿ ನಾಲ್ಕು ಕೋರ್, ಎರಡನೆಯದರಲ್ಲಿ ಆರು. ಮೊದಲನೆಯದರ ಒಳವಿನ್ಯಾಸ 2019ರದು, ಎರಡನೆಯದರದು 2020ರದು. ಈ ಹೆಸರಿಡುವ ಕ್ರಮವನ್ನು ಕಂಪನಿ 2022ರಲ್ಲಿ ತಂದಿತು. ಅದರ ಪ್ರಕಾರ ಮೊದಲ ಅಂಕೆ ಮಾರುಕಟ್ಟೆಗೆ ಬಂದ ವರ್ಷವನ್ನು ಸೂಚಿಸುತ್ತದೆ, ಮೂರನೆಯ ಅಂಕೆ ಒಳವಿನ್ಯಾಸದ ತಲೆಮಾರನ್ನು. ಕೊಳ್ಳುವವರು ನೋಡುವುದು ಮೊದಲ ಅಂಕೆಯನ್ನು. ಮುಖ್ಯವಾದ ಸಂಗತಿ ಅಡಗಿರುವುದು ಮೂರನೆಯದರಲ್ಲಿ. ಹಳೆಯ ವಿನ್ಯಾಸವೆಂದರೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಬೆಲೆ ಕಡಿಮೆ ಇದ್ದರೆ ಅದನ್ನೂ ಧಾರಾಳವಾಗಿ ಕೊಳ್ಳಬಹುದು. ಆದರೆ ಹಳೆಯದೆಂದು ತಿಳಿದು ಕೊಳ್ಳಬೇಕು, ಹಳೆಯದರ ಬೆಲೆಗೆ ಕೊಳ್ಳಬೇಕು.

ಗಿಗಾಹರ್ಟ್ಸಿನ ಕಥೆ ಇದಕ್ಕಿಂತ ಹಳೆಯದು. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ಹೆಸರು ದೇಶಕ್ಕೆಲ್ಲ ಗೊತ್ತು. ಕಡುಗೆಂಪು ಬಣ್ಣ, ಖಾರ ಮಾತ್ರ ಸೌಮ್ಯ. ಬಣ್ಣ ನೋಡಿ ಖಾರ ಎಷ್ಟೆಂದು ಹೇಳಲಾಗದು ಎಂಬುದನ್ನು ಮೆಣಸಿನಕಾಯಿ ಬೆಳೆಯುವ ನಮ್ಮ ರೈತರಿಗೆ ಯಾರೂ ಕಲಿಸಬೇಕಿಲ್ಲ; ಬಣ್ಣದ ಅಳತೆ ಬೇರೆ, ಖಾರದ ಅಳತೆ ಬೇರೆ. ಗಿಗಾಹರ್ಟ್ಸ್ ಕೂಡ ಹಾಗೆಯೇ. ಪ್ರೊಸೆಸರಿನ ಗಡಿಯಾರ ಸೆಕೆಂಡಿಗೆ ಎಷ್ಟು ಕೋಟಿ ಸಲ ಮಿಡಿಯುತ್ತದೆ ಎಂಬುದನ್ನು ಅದು ಹೇಳುತ್ತದೆ. ಒಂದೊಂದು ಮಿಡಿತಕ್ಕೆ ಎಷ್ಟು ಕೆಲಸವಾಗುತ್ತದೆ ಎಂಬುದನ್ನು ಹೇಳುವುದಿಲ್ಲ. 2000ನೇ ಇಸವಿಯ ನವೆಂಬರಿನಲ್ಲಿ ಇಂಟೆಲ್ ಪೆಂಟಿಯಮ್ 4 ಅನ್ನು 1.4 ಮತ್ತು 1.5 ಗಿಗಾಹರ್ಟ್ಸ್ ವೇಗದಲ್ಲಿ ಬಿಡುಗಡೆ ಮಾಡಿತು. ಆಗಾಗಲೇ 1 ಗಿಗಾಹರ್ಟ್ಸಿನ ಪೆಂಟಿಯಮ್ 3 ಮಾರುಕಟ್ಟೆಯಲ್ಲಿತ್ತು. ಅಂಕಿ ನೋಡಿದರೆ ಹೊಸದು ಒಂದೂವರೆ ಪಟ್ಟು ವೇಗವಾಗಿರಬೇಕಿತ್ತು. ಆದರೆ ಮಿಡಿತ ಹೆಚ್ಚಿಸುವುದಕ್ಕಾಗಿ ಅದರ ಒಳಗಿನ ಕೆಲಸವನ್ನು ಹೆಚ್ಚು ಹಂತಗಳಾಗಿ ಒಡೆದಿದ್ದರು. ಹೀಗಾಗಿ ಒಂದು ಮಿಡಿತಕ್ಕೆ ಆಗುವ ಕೆಲಸ ಕಡಿಮೆಯಾಯಿತು. ದಿನನಿತ್ಯದ ಎಷ್ಟೋ ಕೆಲಸಗಳಲ್ಲಿ ಹಳೆಯ ಪೆಂಟಿಯಮ್ 3 ಅದರ ಸರಿಸಮಕ್ಕೆ ನಿಂತಿತು, ಕೆಲವೆಡೆ ಮುಂದೆಯೂ ಹೋಯಿತು. 2004ರಲ್ಲಿ 4 ಗಿಗಾಹರ್ಟ್ಸಿನ ಪೆಂಟಿಯಮ್ ತರುವ ಯೋಜನೆಯನ್ನು ಇಂಟೆಲ್ ಕೈಬಿಟ್ಟಿತು. 2006ರಲ್ಲಿ ಕೋರ್ 2 ಡ್ಯುಯೊ ಬಂದಾಗ ಅದರ ಗಿಗಾಹರ್ಟ್ಸ್ ಕಡಿಮೆ, ಕೆಲಸ ಹೆಚ್ಚು. ಪೆಂಟಿಯಮ್ 4ರ ಮೊದಲ ದಿನಗಳ ಪ್ರಚಾರದ ಬಗ್ಗೆ ಅಮೆರಿಕದಲ್ಲಿ ಗ್ರಾಹಕರು ಹೂಡಿದ್ದ ಮೊಕದ್ದಮೆ 2014ರಲ್ಲಿ ರಾಜಿಯಾಗಿ, ಕೊಂಡವರಿಗೆ ತಲಾ 15 ಡಾಲರ್ ಕೊಡಲು ಕಂಪನಿ ಒಪ್ಪಿತು.

ಈಗ ಜಿಬಿಯ ಲೆಕ್ಕಕ್ಕೆ ಬರೋಣ. ಜಿಬಿ ಎಂಬುದು ಎರಡು ಬೇರೆ ಬೇರೆ ಭಾಗಗಳಿಗೆ ಅನ್ವಯಿಸುತ್ತದೆ. ಒಂದು ರ್‍ಯಾಮ್, ಇನ್ನೊಂದು ಕಡತಗಳನ್ನು ಇಡುವ ಸಂಗ್ರಹ, ಅಂದರೆ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ. ಕೆಲಸ ನಡೆಯುವ ಹೊತ್ತಿನಲ್ಲಿ ಮಾಹಿತಿ ಇರುವುದು ರ್‍ಯಾಮಿನಲ್ಲಿ. ಕರೆಂಟು ಹೋದರೆ ಅದು ಖಾಲಿ. ಸಂಗ್ರಹದಲ್ಲಿ ಇಟ್ಟದ್ದು ಉಳಿಯುತ್ತದೆ. ಈಚೆಗೆ ಮೊಬೈಲುಗಳ ಜಾಹೀರಾತಿನಲ್ಲಿ '16 ಜಿಬಿ ರ್‍ಯಾಮ್' ಎಂದು ದಪ್ಪಕ್ಷರದಲ್ಲಿ ಹಾಕುತ್ತಾರೆ. ಕೆಳಗೆ ಸಣ್ಣದಾಗಿ '8 ಜಿಬಿ + 8 ಜಿಬಿ ವರ್ಚುವಲ್' ಎಂದಿರುತ್ತದೆ. ಆ ಎರಡನೆಯ 8 ಜಿಬಿ ರ್‍ಯಾಮೇ ಅಲ್ಲ. ನೀವು ಫೋಟೊ ಇಡಲು ದುಡ್ಡು ಕೊಟ್ಟ ಸಂಗ್ರಹದಿಂದಲೇ ಒಂದು ಪಾಲನ್ನು ತೆಗೆದು ರ್‍ಯಾಮಿನ ಬದಲಿಗೆ ಬಳಸುತ್ತಾರೆ. ಅದರ ವೇಗ ನಿಜವಾದ ರ್‍ಯಾಮಿಗಿಂತ ಬಹಳ ಕಡಿಮೆ.

ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಮಾತು ಇದೆ: '16 ಜಿಬಿವರೆಗೆ'. ಆ 'ವರೆಗೆ' ಎಂಬ ಪದವನ್ನು ಕಂಡಲ್ಲಿ ನಿಂತು ಕೇಳಿರಿ. ಈಗ ಒಳಗಿರುವುದು ಎಷ್ಟು? ಮುಂದೆ ಹೆಚ್ಚಿಸಬೇಕೆಂದರೆ ಖಾಲಿ ಸ್ಲಾಟ್ ಇದೆಯೇ? ಈಗಿನ ತೆಳುವಾದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ರ್‍ಯಾಮನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಸ್ಲಾಟ್ ಇಲ್ಲದಿದ್ದರೆ ಕೊಂಡ ದಿನ ಇದ್ದಷ್ಟೇ ಕಡೆಯವರೆಗೂ.

512 ಜಿಬಿ ಎಂದು ಕೊಂಡ ಎಸ್‌ಎಸ್‌ಡಿಯನ್ನು ವಿಂಡೋಸ್ 476 ಜಿಬಿ ಎಂದು ತೋರಿಸುತ್ತದೆ. ಒಂದು ಟಿಬಿ ಎಂದದ್ದು 931 ಜಿಬಿ ಆಗಿರುತ್ತದೆ. ಕದ್ದವರು ಯಾರು ಎಂದು ಗಾಬರಿಯಾಗುವುದು ಸಹಜ. ಇಲ್ಲಿ ಯಾರೂ ಕದ್ದಿಲ್ಲ. ಡಿಸ್ಕ್ ಮಾಡುವ ಕಂಪನಿಗಳು ನೂರು ಕೋಟಿ ಬೈಟಿಗೆ ಒಂದು ಜಿಬಿ ಎಂದು ಎಣಿಸುತ್ತವೆ, ಅಂದರೆ ಸಾವಿರ ಸಾವಿರವಾಗಿ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಗಾತ್ರ ಒಂದೇ, ಮೊಳದ ಉದ್ದ ಬೇರೆ. ಈ ಗೊಂದಲ ಬಗೆಹರಿಸಲು ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಇಸಿ 1998ರಲ್ಲೇ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂಬ ಪ್ರತ್ಯೇಕ ಹೆಸರುಗಳನ್ನು ಕೊಟ್ಟಿತು. 2009ರಿಂದ ಆಪಲ್ ತನ್ನ ಕಂಪ್ಯೂಟರುಗಳಲ್ಲಿ ಸಾವಿರದ ಲೆಕ್ಕವನ್ನೇ ತೋರಿಸುತ್ತಿದೆ. ವಿಂಡೋಸ್ ಹಳೆಯ ರೂಢಿಯಲ್ಲೇ ಉಳಿದಿದೆ. ಇದೇ ವಿಷಯವಾಗಿ ಅಮೆರಿಕದಲ್ಲಿ ವೆಸ್ಟರ್ನ್ ಡಿಜಿಟಲ್ ವಿರುದ್ಧದ ಮೊಕದ್ದಮೆ 2006ರಲ್ಲಿ, ಸೀಗೇಟ್ ವಿರುದ್ಧದ್ದು 2007ರಲ್ಲಿ ರಾಜಿಯಾದವು.

ಆದರೆ ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೆಲವು ನೂರು ರೂಪಾಯಿಗೆ ಎರಡು ಟಿಬಿ ಪೆನ್‌ಡ್ರೈವ್ ಎಂದು ಮಾರುವುದು ಲೆಕ್ಕದ ಗೊಂದಲವಲ್ಲ, ಶುದ್ಧ ವಂಚನೆ. ಒಳಗಿನ ಚಿಪ್ಪು ಸಣ್ಣದು. ಕಂಪ್ಯೂಟರಿಗೆ ದೊಡ್ಡದೆಂದು ಸುಳ್ಳು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ಜಾಗ ಮುಗಿದ ಮೇಲೂ ಕಾಪಿ ಆದಂತೆ ತೋರುತ್ತದೆ, ತೆರೆದರೆ ಕಡತ ಕೆಟ್ಟಿರುತ್ತದೆ. ಮದುವೆಯ ವಿಡಿಯೊ ಇಡುವ ಸ್ಟುಡಿಯೊದವರು ಇಂಥದ್ದನ್ನು ಮುಟ್ಟಲೇಬಾರದು.

ನಮ್ಮ ಊರುಗಳಲ್ಲಿ ಲ್ಯಾಪ್‌ಟಾಪಿನಷ್ಟೇ ಮುಖ್ಯವಾದದ್ದು ಯುಪಿಎಸ್. ಹೆಸ್ಕಾಂನ ಕರೆಂಟು ಹೋಗಿ ಬರುವಾಗ ಡೆಸ್ಕ್‌ಟಾಪ್ ಇಟ್ಟವರಿಗೆ ಅದೇ ಆಸರೆ. ಪೆಟ್ಟಿಗೆಯ ಮೇಲೆ 600 ವಿಎ ಎಂದಿರುತ್ತದೆ. ಕೊಳ್ಳುವವರು ಅದನ್ನು 600 ವ್ಯಾಟ್ ಎಂದು ತಿಳಿಯುತ್ತಾರೆ. ಇಂಥ ಸಣ್ಣ ಯುಪಿಎಸ್‌ಗಳು ಸಾಮಾನ್ಯವಾಗಿ ಹೊರುವ ನಿಜವಾದ ಭಾರ 360 ವ್ಯಾಟ್. ಅದೂ ಒಮ್ಮೆಗೆ ಎಷ್ಟು ಹೊರಬಲ್ಲದು ಎಂಬ ಮಾತು. ಎಷ್ಟು ಹೊತ್ತು ಹೊರುತ್ತದೆ ಎಂಬುದು ಬ್ಯಾಟರಿಯ ಮೇಲೆ ನಿಂತಿದೆ. ಒಳಗಿರುವುದು ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್-ಅವರಿನ ಒಂದು ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಅವರ್. 150 ವ್ಯಾಟ್ ಎಳೆಯುವ ಕಂಪ್ಯೂಟರಿಗೆ ಕಾಗದದ ಲೆಕ್ಕದಲ್ಲಿ ಅದು ಅರ್ಧ ತಾಸಿಗೆ ಸಾಕು. ಬ್ಯಾಟರಿ ಅಷ್ಟು ಜೋರಾಗಿ ಖಾಲಿಯಾಗುವಾಗ ಆಗುವ ನಷ್ಟ, ಒಳಗೆ ಬಿಸಿಯಾಗಿ ಹೋಗುವ ಪಾಲು ಕಳೆದರೆ ಉಳಿಯುವುದು ಅದಕ್ಕಿಂತ ಬಹಳ ಕಡಿಮೆ. ಬರೆಯುತ್ತಿದ್ದ ಅರ್ಜಿಯನ್ನು ಉಳಿಸಿ ಯಂತ್ರವನ್ನು ಸರಿಯಾಗಿ ಆರಿಸುವುದಕ್ಕೆ ಅಷ್ಟು ಸಾಕು. ಮಧ್ಯಾಹ್ನವೆಲ್ಲ ಕೆಲಸ ಮಾಡುತ್ತೇನೆಂದರೆ ಸಾಲದು. ಅದಕ್ಕೆ ದೊಡ್ಡ ಬ್ಯಾಟರಿಯ ಇನ್ವರ್ಟರ್ ಬೇಕು.

ಊರಿನ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಸೇರಿ ಪ್ರೊಜೆಕ್ಟರ್ ಕೊಡಿಸುವ ಒಳ್ಳೆಯ ಪದ್ಧತಿ ನಮ್ಮಲ್ಲಿ ಬೆಳೆಯುತ್ತಿದೆ. ಆ ದಾನದ ದುಡ್ಡು ಪೋಲಾಗಬಾರದೆಂಬ ಕಳಕಳಿಯಿಂದ ಇದನ್ನು ಹೇಳುತ್ತೇನೆ. ಅಗ್ಗದ ಪ್ರೊಜೆಕ್ಟರುಗಳ ಮೇಲೆ '4ಕೆ ಸಪೋರ್ಟ್' ಎಂದು ಬರೆದಿರುತ್ತದೆ. 4ಕೆ ಚಿತ್ರವೆಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕೆ. ಒಟ್ಟು ಸುಮಾರು 83 ಲಕ್ಷ. 'ಸಪೋರ್ಟ್' ಎಂದರೆ ಅಂಥ ವಿಡಿಯೊವನ್ನು ಅದು ಸ್ವೀಕರಿಸುತ್ತದೆ ಎಂದು ಮಾತ್ರ. ಗೋಡೆಯ ಮೇಲೆ ಬಿಡುವ ಚುಕ್ಕೆಗಳೆಷ್ಟು ಎಂಬುದು 'ನೇಟಿವ್ ರೆಸಲ್ಯೂಷನ್' ಎಂಬ ಸಾಲಿನಲ್ಲಿರುತ್ತದೆ. ಅಲ್ಲಿ 1280 x 720 ಎಂದಿದ್ದರೆ ಸುಮಾರು 9 ಲಕ್ಷ 21 ಸಾವಿರ, ಅಂದರೆ 4ಕೆಯ ಒಂಬತ್ತನೆಯ ಒಂದು ಪಾಲು. ಬೆಳಕಿನದೂ ಇದೇ ಹಾಡು. ಬರಿಯ 'ಲ್ಯೂಮೆನ್ಸ್' ಎಂದು ಸಾವಿರಗಟ್ಟಲೆ ಬರೆದದ್ದಕ್ಕೆ ಬೆಲೆ ಕೊಡಬೇಡಿ. 'ಆನ್ಸಿ ಲ್ಯೂಮೆನ್ಸ್' ಎಷ್ಟೆಂದು ಕೇಳಿ. ಪರದೆಯ ಒಂಬತ್ತು ಕಡೆ ಬೆಳಕನ್ನು ಅಳೆದು ಸರಾಸರಿ ತೆಗೆಯುವ ನಿಯಮಬದ್ಧ ಅಳತೆ ಅದು. ಕಿಟಕಿ ತೆರೆದ ಕೋಣೆಯಲ್ಲಿ ಹಿಂದಿನ ಬೆಂಚಿನ ಮಗುವಿಗೆ ಗೋಡೆಯ ಮೇಲಿನ ಅಕ್ಷರ ಕಾಣುವುದೋ ಇಲ್ಲವೋ ಎಂಬುದು ಆ ಅಂಕಿಯ ಮೇಲಿದೆ. ಸಾಧ್ಯವಿದ್ದರೆ ಕೊಳ್ಳುವ ಮೊದಲು ಹಗಲಿನಲ್ಲೇ ಹಾಕಿ ತೋರಿಸಲು ಹೇಳಿ.

ದೊಡ್ಡ ಕಂಪನಿಗಳೂ ಇದಕ್ಕೆ ಹೊರತಲ್ಲ. 2014ರಲ್ಲಿ ಎನ್ವಿಡಿಯಾ 4 ಜಿಬಿ ಎಂದು ಮಾರಿದ ಜಿಟಿಎಕ್ಸ್ 970 ಗ್ರಾಫಿಕ್ಸ್ ಕಾರ್ಡಿನಲ್ಲಿ ಕಡೆಯ ಅರ್ಧ ಜಿಬಿ ಉಳಿದದ್ದಕ್ಕಿಂತ ಬಹಳ ನಿಧಾನ ಎಂಬುದು ಆಮೇಲೆ ಬಯಲಾಯಿತು. 2016ರಲ್ಲಿ ಅಮೆರಿಕದ ಗ್ರಾಹಕರಿಗೆ ಕಾರ್ಡೊಂದಕ್ಕೆ 30 ಡಾಲರ್ ಕೊಡಲು ಕಂಪನಿ ಒಪ್ಪಿತು. ಎಎಂಡಿ 2011ರಲ್ಲಿ ಎಂಟು ಕೋರ್ ಎಂದು ಮಾರಿದ ಎಫ್‌ಎಕ್ಸ್ ಪ್ರೊಸೆಸರುಗಳಲ್ಲಿ ಎರಡೆರಡು ಕೋರುಗಳು ಕೆಲವು ಮುಖ್ಯ ಭಾಗಗಳನ್ನು ಹಂಚಿಕೊಂಡಿದ್ದವು. ಅದರ ಬಗ್ಗೆ ಗ್ರಾಹಕರು ಹೂಡಿದ ಮೊಕದ್ದಮೆ 2019ರಲ್ಲಿ 1 ಕೋಟಿ 21 ಲಕ್ಷ ಡಾಲರಿಗೆ ರಾಜಿಯಾಯಿತು. ಈ ಪ್ರಕರಣಗಳಲ್ಲೆಲ್ಲ ಪ್ರಶ್ನೆ ಎತ್ತಿದವರು ಸಾಮಾನ್ಯ ಗ್ರಾಹಕರೇ ಎಂಬುದನ್ನು ಗಮನಿಸಿ. ಕೊಂಡವರು ಕೇಳಿದರು, ಕಂಪನಿಗಳು ಉತ್ತರ ಕೊಡಬೇಕಾಯಿತು.

ಹಾಗಾದರೆ ನಾವು ಏನನ್ನು ಕೊಳ್ಳಬೇಕು? ಅಂಕಿಯಿಂದ ಶುರು ಮಾಡಬೇಡಿ, ನಿಮ್ಮ ಕೆಲಸದಿಂದ ಶುರು ಮಾಡಿ. ಬಿ.ಎ., ಬಿ.ಕಾಂ. ಓದುವ ಮಗಳಿಗೆ ಪಾಠ ಕೇಳುವುದು, ಕನ್ನಡದಲ್ಲಿ ಟೈಪ್ ಮಾಡುವುದು, ಲೆಕ್ಕದ ಪಟ್ಟಿ ಮಾಡುವುದು ಮುಖ್ಯ. ನುಡಿ ತಂತ್ರಾಂಶವಾಗಲಿ ಯೂನಿಕೋಡ್ ಕನ್ನಡವಾಗಲಿ ಬಲಶಾಲಿ ಪ್ರೊಸೆಸರನ್ನು ಬೇಡುವುದಿಲ್ಲ. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ, ಕಣ್ಣಿಗೆ ಹಿತವಾದ ಪರದೆ, ಒಳ್ಳೆಯ ಕೀಲಿಮಣೆ ಇದ್ದರೆ ಆಯಿತು. ಗ್ರಾಮ ಒನ್ ಕೇಂದ್ರ ನಡೆಸುವವರಿಗೆ ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿಯ ಕೆಲಸವೆಲ್ಲ ನಡೆಯುವುದು ದೂರದ ಸರ್ವರಿನಲ್ಲಿ. ಪ್ರೊಸೆಸರಿಗೆ ಹಾಕುವ ಹೆಚ್ಚಿನ ಹಣವನ್ನು ಅವರು ಇಂಟರ್ನೆಟ್ಟಿಗೂ ಯುಪಿಎಸ್‌ಗೂ ಹಾಕಲಿ. ಆ ಇಂಟರ್ನೆಟ್ಟಿನ 40 ಎಂಬಿಪಿಎಸ್ ಎಂಬುದು ಬಿಟ್‌ಗಳ ಲೆಕ್ಕ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 5 ಎಂಬಿ, ಅದೂ ಗೆರೆ ಚೆನ್ನಾಗಿದ್ದಾಗ.

ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಳ್ಳಿಗೆ ಹೋಗಿ ಸೋಬಾನೆ, ಡೊಳ್ಳಿನ ಹಾಡು ದಾಖಲಿಸುವ ವಿದ್ಯಾರ್ಥಿಗೆ ಬೇಕಾದದ್ದು ಸಂಗ್ರಹ. ಸಿ.ಡಿ. ಗುಣಮಟ್ಟದಲ್ಲಿ, ಕುಗ್ಗಿಸದೆ ದಾಖಲಿಸಿದ ಧ್ವನಿ ತಾಸಿಗೆ ಸುಮಾರು 635 ಎಂಬಿ ಆಗುತ್ತದೆ. ಅದನ್ನು ಎರಡು ಕಡೆ ಇಡಬೇಕು. ಅಜ್ಜಿಯೊಬ್ಬಳ ಹಾಡು ಒಮ್ಮೆ ಹೋದರೆ ಮತ್ತೆ ಸಿಗುವುದಿಲ್ಲ. ಪ್ರೊಸೆಸರಿನ ದರ್ಜೆ ಒಂದು ಮೆಟ್ಟಿಲು ಇಳಿಸಿದರೂ ಸರಿ, ಅವರು ಒಳ್ಳೆಯ ಎಕ್ಸ್‌ಟರ್ನಲ್ ಡಿಸ್ಕ್ ತೆಗೆದುಕೊಳ್ಳಲಿ. ಫೋಟೊ ಸ್ಟುಡಿಯೊದವರು ಪರದೆಯ ಬಣ್ಣದ ಸಾಲನ್ನು ಓದಲಿ. '45 ಶೇಕಡಾ ಎನ್‌ಟಿಎಸ್‌ಸಿ' ಎಂದಿದ್ದರೆ ಅದು ಫೋಟೊ ಕೆಲಸದ ಎಸ್‌ಆರ್‌ಜಿಬಿ ಅಳತೆಯಲ್ಲಿ 60ರ ಆಸುಪಾಸು. ಮದುಮಗಳ ಸೀರೆಯ ಬಣ್ಣ ಪರದೆಯ ಮೇಲೆ ಒಂದು, ಅಚ್ಚಿನಲ್ಲಿ ಇನ್ನೊಂದು ಆಗುವುದಕ್ಕೆ ಇಂಥ ಪರದೆಯೇ ಕಾರಣವಾಗಬಹುದು. ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಓದುವವರಿಗೆ ಮಾತ್ರ 16 ಜಿಬಿ ರ್‍ಯಾಮ್, ದೊಡ್ಡ ಕೋರುಗಳಿರುವ ಪ್ರೊಸೆಸರ್ ಅಗತ್ಯವಾದೀತು. ಅವರೂ ಮೊದಲು ತಮ್ಮ ಅಧ್ಯಾಪಕರನ್ನು ಕೇಳಿ ಮುಂದುವರಿಯಲಿ.

ಇನ್ನು ಬಿಲ್ಲಿನ ಮಾತು. 'ಲ್ಯಾಪ್‌ಟಾಪ್, ಐ5, ಒಂದು' ಎಂದಷ್ಟೇ ಬರೆದ ಬಿಲ್ಲು ನಾಳೆ ನಿಮ್ಮ ಕೈ ಹಿಡಿಯುವುದಿಲ್ಲ. ಪ್ರೊಸೆಸರಿನ ಪೂರ್ತಿ ಹೆಸರು, ಕೊನೆಯ ಅಕ್ಷರ ಸಹಿತ. ಒಳಗೆ ಈಗ ಇರುವ ರ್‍ಯಾಮ್ ಎಷ್ಟು, ಹೆಚ್ಚಿಸಲು ಬರುತ್ತದೆಯೇ. ಸಂಗ್ರಹ ಯಾವ ಬಗೆಯದು, ಎಷ್ಟು. ವಿಂಡೋಸ್ ಪರವಾನಗಿ ಸಹಿತವೇ. ವಾರಂಟಿ ಎಷ್ಟು ವರ್ಷ, ಬ್ಯಾಟರಿಗೆ ಎಷ್ಟು. ಯಂತ್ರದ ಸೀರಿಯಲ್ ನಂಬರು. ಇಷ್ಟನ್ನು ಬಿಲ್ಲಿನಲ್ಲಿ ಅಥವಾ ಅಂಗಡಿಯ ಮೊಹರು ಹಾಕಿದ ಚೀಟಿಯಲ್ಲಿ ಬರೆಸಿಕೊಳ್ಳಿ. ಪ್ರಾಮಾಣಿಕ ವ್ಯಾಪಾರಿ ಬರೆದುಕೊಡಲು ಹಿಂಜರಿಯುವುದಿಲ್ಲ. ಹಿಂಜರಿದರೆ ಆ ಅಂಗಡಿಯ ಮೆಟ್ಟಿಲಿಳಿಯಲು ನೀವೂ ಹಿಂಜರಿಯಬೇಡಿ.

ಕಾನೂನು ನಮ್ಮ ಪರವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತನ್ನು ತಪ್ಪೆಂದು ಹೇಳುತ್ತದೆ. ಅದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅದೇ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನ ಷರತ್ತು ಮುಖ್ಯ ಹೇಳಿಕೆಗೆ ವಿರುದ್ಧವಾಗಿರಕೂಡದು, ಮತ್ತು ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ದೊಡ್ಡದಾಗಿ ಆಸೆ ತೋರಿಸಿ ಷರತ್ತನ್ನು ಇಂಗ್ಲಿಷಿನಲ್ಲಿ ಬಚ್ಚಿಡುವುದಕ್ಕೆ ಇಲ್ಲಿ ಅವಕಾಶವಿಲ್ಲ. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ ಹಾವೇರಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ಹುಬ್ಬಳ್ಳಿಯಲ್ಲಿ ಕೊಂಡಿದ್ದರೂ, ಆನ್‌ಲೈನಿನಲ್ಲಿ ತರಿಸಿದ್ದರೂ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ತೊಂದರೆ ಆದ ಎರಡು ವರ್ಷದೊಳಗೆ ಕೊಡಬೇಕು. ಆಗ ನಿಮ್ಮ ಮಾತಿಗೆ ಬಲ ಕೊಡುವುದು ಆ ಬಿಲ್ಲೇ.

ಕಡೆಯದಾಗಿ ಒಂದು ವಿನಂತಿ. ನಮ್ಮ ನಾಲ್ಕೂ ತಾಲೂಕುಗಳ ಕಾಲೇಜುಗಳಲ್ಲಿ ಕಂಪ್ಯೂಟರ್ ಕಲಿಸುವ ಅಧ್ಯಾಪಕರಿದ್ದಾರೆ, ಕಲಿಯುವ ಮಕ್ಕಳಿದ್ದಾರೆ. ವರ್ಷದ ಪ್ರವೇಶದ ಹೊತ್ತಿಗೆ ಅವರು ಒಂದು ಪುಟದ ಕನ್ನಡ ಚೀಟಿ ಬರೆದು ಕಾಲೇಜಿನ ಫಲಕಕ್ಕೆ, ಗ್ರಂಥಾಲಯಕ್ಕೆ, ಪಂಚಾಯಿತಿ ಕಚೇರಿಗೆ ಅಂಟಿಸಲಿ. ಈ ವರ್ಷ ಯಾವ ಹೆಸರಿನ ಪ್ರೊಸೆಸರಿನ ಒಳಗೆ ಏನಿದೆ, ಯಾವ ಕೆಲಸಕ್ಕೆ ಎಷ್ಟು ಸಾಕು ಎಂಬುದು ಅದರಲ್ಲಿರಲಿ. ಹೆಸರುಗಳು ವರ್ಷ ವರ್ಷ ಬದಲಾಗುತ್ತವೆ, ಚೀಟಿಯನ್ನೂ ವರ್ಷ ವರ್ಷ ಬದಲಿಸಲಿ. ಅಂಗಡಿಗೆ ಹೊರಟ ತಂದೆ ತಾಯಿ ಅದರ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದು ಹೋಗಲಿ. ಬೆವರು ಸುರಿಸಿ ಗಳಿಸಿದ ದುಡ್ಡಿಗೆ ಸರಿಯಾದ ಅಳತೆಯ ವಸ್ತು ಸಿಗುವುದು ಯಾರ ಉಪಕಾರವೂ ಅಲ್ಲ, ನಮ್ಮ ಹಕ್ಕು. ಆ ಹಕ್ಕನ್ನು ಕೇಳಿ ಪಡೆಯೋಣ.